ನಾಯಿಯೊಡನೆ ಪಯಣಕ್ಕೆ ವಿದ್ಯುತ್ ಕಾರು

ವಿದ್ಯುತ್ ಕಾರು ಎಷ್ಟು ದೂರ ಓಡುವುದೆಂದು ನಮ್ಮ ಹನುಮಂತನಗರದ ಗೃಹಸ್ಥರೆಲ್ಲರೂ ವಿಚಾರಿಸುವರು. ಮನೆಯ ನಾಯಿಗೆ ಒಗ್ಗುವುದೇ ಎಂದು ಕೇಳುವವರು ವಿರಳ. 2001ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ‘ರೇವಾ’ ಕಾರಿಗೆ ಎರಡೇ ಬಾಗಿಲು, ಹಿಂದೆ ಮಕ್ಕಳಿಗಷ್ಟೇ ಎಡೆ. ಇಂದಿನ ಕಾರುಗಳು ವಿಶಾಲವಾದರೂ, ಬ್ಯಾಟರಿ ಅಡಿಯಲ್ಲಿರುವುದರಿಂದ ಅನೇಕ ಕಾರುಗಳ ನೆಲ ಎತ್ತರ; ಮುದಿನಾಯಿಗೆ ಹತ್ತುವುದು ಕಷ್ಟ. ಆದಕಾರಣ ಕೊಳ್ಳುವ ಮೊದಲೇ ನಾಯಿಯನ್ನು ಹತ್ತಿಸಿ ನೋಡತಕ್ಕುದು.

ಬಳಿಕ ರಾಮಾಂಜನೇಯ ಗುಡ್ಡದ ಬಳಿಯ ಇಳಿಜಾರಿನಲ್ಲಿ ಓಡಿಸಿರಿ. ಕಾಲೆತ್ತಿದೊಡನೆ ವಿದ್ಯುತ್ತು ಬ್ಯಾಟರಿಗೆ ಮರಳುತ್ತ ಕಾರು ತಡೆಯುವುದು, ನಾಯಿ ಮುಗ್ಗರಿಸುವುದು. ಆ ತಡೆಯನ್ನು ತಗ್ಗಿಸಬಲ್ಲ ಕಾರೇ ಲೇಸು.

ನಾಯಿಯು ಬಹುಮಟ್ಟಿಗೆ ಏದುಸಿರಿನಿಂದಲೇ ಮೈ ತಣಿಸಿಕೊಳ್ಳುವುದು. ಹಿಂದಿನ ಆಸನಕ್ಕೂ ತಂಗಾಳಿ ಬೇಕು. ನಿಂತ ವಿದ್ಯುತ್ ಕಾರು ಹೊಗೆಯಿಲ್ಲದೆ ತಂಪು ನೀಡುವುದು ನಿಜ. ಆದರೂ ಯಂತ್ರವನ್ನು ನಂಬಿ ಆ ಮೂಕಪ್ರಾಣಿಯನ್ನು ಬಿಸಿಲಿನಲ್ಲಿ ಒಂಟಿಯಾಗಿ ಬಿಡಬೇಡಿರೆಂದು ನಮ್ಮ ಅರಿಕೆ: ತಂಪು ನಿಂತುಹೋದರೆ ಹೇಳಿಕೊಳ್ಳಲು ಅದಕ್ಕೆ ಮಾತಿಲ್ಲ.