ಕಿವಿಯ ಹಿತ ಮತ್ತು ನಾದದ ನಿಖರತೆ: ಧ್ವನಿಮುದ್ರಣದ ಹೆಡ್‌ಫೋನ್ ಆಯ್ಕೆ

ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ಕಿವಿಗೆ ಅಂಥ ಮುಚ್ಚಳವೊಂದನ್ನು ಪ್ರಕೃತಿ ಒದಗಿಸಿಲ್ಲ. ನಿದ್ರೆಯಲ್ಲಿಯೂ ತೆರೆದೇ ಇರುವ ಈ ಇಂದ್ರಿಯದ ಮೇಲೆ ಧ್ವನಿಮುದ್ರಣ ಕೊಠಡಿಯ ಕಲಾವಿದರೂ ತಂತ್ರಜ್ಞರೂ ದಿನಕ್ಕೆ ನಾಲ್ಕಾರು ಗಂಟೆಗಳ ಕಾಲ ಎರಡು ಪುಟ್ಟ ಧ್ವನಿವರ್ಧಕಗಳನ್ನು ಬಿಗಿದುಕೊಂಡು ಕುಳಿತಿರುತ್ತಾರೆ. ಹೆಡ್‌ಫೋನ್ ಎಂದರೆ ಇದೇ. ಅದನ್ನು ಕೊಳ್ಳುವಾಗ ಕಿವಿಗೆ ಹಿತವಾದುದನ್ನು ಆರಿಸಬೇಕೇ, ನಾದವನ್ನು ಯಥಾವತ್ತಾಗಿ ಕೇಳಿಸುವುದನ್ನು ಆರಿಸಬೇಕೇ ಎಂಬ ಜಿಜ್ಞಾಸೆ ಸಹಜವಾಗಿಯೇ ಏಳುತ್ತದೆ. ನಾದವೇ ಮುಖ್ಯ, ದೇಹದ ಕಷ್ಟವನ್ನು ಸಹಿಸಿಕೊಂಡರಾಯಿತು ಎನ್ನುವವರೇ ಹೆಚ್ಚು. ಆದರೆ ತಲೆಯ ಮೇಲೆ ಸರಿಯಾಗಿ ಕೂರದ ಹೆಡ್‌ಫೋನು ನಾದವನ್ನೂ ಸರಿಯಾಗಿ ಕೇಳಿಸಲಾರದು.

ವಾರಾಣಸಿಯಂಥ ನಗರದಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ವವಿದೆ. ಪಂಡಿತ ರಾಮಸಹಾಯರಿಂದ ಆರಂಭವಾದ ಬನಾರಸ್ ತಬಲಾ ಘರಾಣೆ, ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ, ಗಿರಿಜಾದೇವಿಯವರ ಠುಮ್ರಿ ಇವುಗಳಿಂದ ಕೀರ್ತಿ ಪಡೆದ ಈ ಊರನ್ನು 2015ರಲ್ಲಿ ಯುನೆಸ್ಕೋ ಸಂಸ್ಥೆಯು ಸಂಗೀತನಗರವೆಂದು ಗುರುತಿಸಿತು. ಆಕಾಶವಾಣಿಯ ಕೇಂದ್ರವಲ್ಲದೆ ಭೋಜಪುರಿ ಹಾಡುಗಳನ್ನೂ ಭಜನೆಗಳನ್ನೂ ಮುದ್ರಿಸುವ ಸಣ್ಣ ಸಣ್ಣ ಸ್ಟುಡಿಯೋಗಳು ಇಲ್ಲಿವೆ. ಅನೇಕ ಕಡೆ ಅವು ಮನೆಯ ಒಂದು ಕೋಣೆಯಷ್ಟೇ. ಸಂಗೀತ ಕಲಿಯಲೆಂದು ಕರ್ನಾಟಕದಿಂದ ಇಲ್ಲಿಗೆ ಬಂದ ವಿದ್ಯಾರ್ಥಿಯೂ ಒಂದಲ್ಲ ಒಂದು ದಿನ ಅಂಥ ಕೋಣೆಯನ್ನು ಹೊಕ್ಕಾನು. ಮುದ್ರಣ ನಡೆಯುವಾಗ ಫ್ಯಾನಿನ ಸದ್ದು ಮೈಕಿಗೆ ಸೇರಬಾರದೆಂದು ಅದನ್ನು ನಿಲ್ಲಿಸಲಾಗುತ್ತದೆ. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ಊರಿನಲ್ಲಿ ಕಿಟಕಿ ಮುಚ್ಚಿದ ಕೋಣೆಯೊಳಗೆ ಎರಡು ಕಿವಿಗಳನ್ನೂ ಮೆತ್ತೆಯಿಂದ ಮುಚ್ಚಿಕೊಂಡು ಕುಳಿತವನ ಅವಸ್ಥೆಯನ್ನು ಊಹಿಸಿಕೊಳ್ಳಬಹುದು.

ಕಿವಿಯ ಸುತ್ತ ಮೆತ್ತೆಯು ಸಂದಿಲ್ಲದಂತೆ ಕುಳಿತಾಗ ಮಾತ್ರ ಮುಚ್ಚಿದ ಮಾದರಿಯ ಹೆಡ್‌ಫೋನಿನಲ್ಲಿ ಕೆಳಗಿನ ಸ್ವರಗಳು ಪೂರ್ಣವಾಗಿ ಕೇಳಿಸುತ್ತವೆ. ಕನ್ನಡಕದ ಕಡ್ಡಿಯೊಂದು ನಡುವೆ ಸಿಕ್ಕಿಕೊಂಡರೂ ಸಾಕು, ಆ ಸಂದಿನಿಂದ ಗಾಳಿಯ ಒತ್ತಡ ಸೋರಿ ಹೋಗಿ ಮಂದ್ರದ ತುಂಬು ಕಡಿಮೆಯಾಗುತ್ತದೆ. ತಬಲಾದಲ್ಲಿ ಎಡಗೈಯ ಡಗ್ಗಾ ನುಡಿಯುವುದು ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ, ಅದಕ್ಕಿಂತ ಕೆಳಗೂ ಉಂಟು. ಬನಾರಸ್ ಬಾಜಿನ ಗಾಂಭೀರ್ಯ ಇರುವುದೇ ಆ ಗುಂಜನದಲ್ಲಿ. ಬಿಗಿತ ನೋಯುತ್ತದೆಂದು ಹೆಡ್‌ಫೋನನ್ನು ತುಸು ಹಿಂದಕ್ಕೆ ಸರಿಸಿಕೊಂಡ ತಂತ್ರಜ್ಞನಿಗೆ ಡಗ್ಗಾ ಸೊರಗಿದಂತೆ ಕೇಳಿಸುತ್ತದೆ. ಅವನು ಗುಂಡಿಯನ್ನು ತಿರುಗಿಸಿ ಅದಕ್ಕೆ ಮತ್ತಷ್ಟು ಬಲ ಕೊಡುತ್ತಾನೆ. ಮರುದಿನ ಆ ಮುದ್ರಣವನ್ನು ಬೇರೆ ಧ್ವನಿವರ್ಧಕದಲ್ಲಿ ಕೇಳಿದವರಿಗೆ ತಬಲಾ ಮಡಕೆ ಬಡಿದಂತೆ ಗುಮ್ಮೆನ್ನುತ್ತದೆ. ತಪ್ಪು ವಾದಕನದಲ್ಲ, ಯಂತ್ರದ್ದೂ ಅಲ್ಲ, ನೊಂದ ಕಿವಿಯದು.

ಬಲಗೈಯ ತಬಲಾದ ಪಾಡೂ ಸೂಕ್ಷ್ಮವಾದುದೇ. ನಡುವಿನ ಕಪ್ಪು ಲೇಪನದಿಂದಾಗಿ ಅದರ ಅನುಸ್ವರಗಳು ಕ್ರಮಬದ್ಧವಾಗಿ, ತಂತಿವಾದ್ಯದಂತೆ ಹೊಂದಿ ಬರುತ್ತವೆಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿಯೇ ತೋರಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಈ ಅನುಸ್ವರಗಳನ್ನು ಬೇರ್ಪಡಿಸಿ ಕೇಳಿಸುವ ಹೆಡ್‌ಫೋನಿಗಾಗಿ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ. ಆದರೆ ಮೂರನೆಯ ಗಂಟೆಯಲ್ಲಿ ತಲೆ ಸಿಡಿಯುತ್ತಿರುವವನಿಗೆ ಆ ಭೇದ ತಿಳಿಯುವುದೇ?

ಹೆಡ್‌ಫೋನಿನ ಚರಿತ್ರೆಯಲ್ಲಿಯೂ ಭಾರವನ್ನು ಇಳಿಸುವ ಪ್ರಯತ್ನ ಕಾಣುತ್ತದೆ. 1910ರಲ್ಲಿ ಅಮೆರಿಕದ ನೇಥೇನಿಯಲ್ ಬಾಲ್ಡ್‌ವಿನ್ ಎಂಬಾತ ಮನೆಯಲ್ಲಿಯೇ ತಯಾರಿಸಿದ ಜೋಡಿಗಳನ್ನು ಅಲ್ಲಿನ ನೌಕಾದಳ ಕೊಂಡಿತು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೋ ಸಂಗೀತಕ್ಕೆಂದೇ ಹೆಡ್‌ಫೋನನ್ನು ರೂಪಿಸಿದ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿಯು ಹಿಂಬದಿ ತೆರೆದ, ಹಗುರವಾದ, ಹಳದಿ ಸ್ಪಂಜಿನ ಮೆತ್ತೆಯ ಮಾದರಿಯೊಂದನ್ನು ತಂದಾಗ ಕಿವಿಗೆ ಗಾಳಿಯಾಡುವಂತಾಯಿತು. ಇಂದು ಸ್ಟುಡಿಯೋಗಳಲ್ಲಿ ಬಳಕೆಯಾಗುವ ಹಲವು ಮಾದರಿಗಳು 200ರಿಂದ 300 ಗ್ರಾಂ ತೂಗುತ್ತವೆ. ಸಮತಲ ಪೊರೆಯ ದುಬಾರಿ ಮಾದರಿಗಳು 500 ಗ್ರಾಂ ಮೀರುವುದೂ ಉಂಟು. ಅರ್ಧ ಕಿಲೋ ಭಾರವನ್ನು ಕುತ್ತಿಗೆ ಹೊರುತ್ತದೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ತೆರೆದ ಮಾದರಿ ಹಿತಕರ. ಅದರಲ್ಲಿ ಕೇಳುವ ನಾದವೂ ವಿಶಾಲ. ಆದರೆ ಅದು ಒಳಗಿನ ಸದ್ದನ್ನು ಹೊರಗೂ ಹೊರಗಿನ ಸದ್ದನ್ನು ಒಳಗೂ ಬಿಡುತ್ತದೆ. ಗೋದೌಲಿಯಾ ಚೌಕದ ಹಾರ್ನುಗಳು, ದೇವಾಲಯದ ಘಂಟೆಗಳು, ಮದುವೆಯ ದಿಬ್ಬಣದ ಬ್ಯಾಂಡು ಇವುಗಳ ನಡುವೆ ಕೆಲಸ ಮಾಡಬೇಕಾದವನು ಹೊರಗಿನ ಗದ್ದಲವನ್ನು ಗೆಲ್ಲಲು ಧ್ವನಿಯನ್ನು ಏರಿಸುತ್ತಲೇ ಹೋಗುತ್ತಾನೆ. ಅಂಥ ಕಡೆ ಮುಚ್ಚಿದ ಮಾದರಿಯೇ ಕಿವಿಗೆ ರಕ್ಷೆ. ಹಾಡುಗಾರರಿಗಂತೂ ಅದು ಅನಿವಾರ್ಯ, ಇಲ್ಲವಾದರೆ ತಾಳದ ಟಕಟಕ ಸದ್ದು ಮೈಕಿಗೆ ಸೋರುತ್ತದೆ. ಎರಡೂ ಕಿವಿ ಮುಚ್ಚಿದಾಗ ತಮ್ಮ ದನಿಯೇ ತಲೆಯೊಳಗೆ ಗುಂಯ್‌ಗುಟ್ಟುವುದರಿಂದ ಕೆಲವು ಗಾಯಕರು ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳುತ್ತಾರೆ. ಅಭ್ಯಾಸವೇನೋ ಹಳೆಯದು, ಆದರೆ ಮುಚ್ಚಿದ ಕಿವಿಗೆ ಆಗ ಹೆಚ್ಚಿನ ಧ್ವನಿ ಬೇಕೆನಿಸುತ್ತದೆ, ವರ್ಷಗಟ್ಟಲೆ ಅದೊಂದೇ ಕಿವಿ ಆ ಪೆಟ್ಟನ್ನು ತಿನ್ನುತ್ತದೆ.

ಆ ಪೆಟ್ಟಿನ ಸ್ವರೂಪವನ್ನು ತಿಳಿಯಬೇಕು. ಒಳಕಿವಿಯ ಶಂಖಾಕಾರದ ಸುರುಳಿಯಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 94ಕ್ಕೆ ಒಂದೇ ಗಂಟೆ, 100ಕ್ಕೆ ಹದಿನೈದು ನಿಮಿಷ. ಇದು ಕಾರ್ಖಾನೆಯ ದುಡಿಮೆಗೆ ಹೇಳಿದ ಅಳತೆ. ಸಂಗೀತ ಕೇಳುವ ಸಾಧನಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ ಇನ್ನೂ ಕಟ್ಟುನಿಟ್ಟಿನದು: ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಈ ಹಾನಿಗೆ ನೋವಿಲ್ಲ. ತಲೆಪಟ್ಟಿಯ ಬಿಗಿತವನ್ನು ಹಣೆ ಕೂಡಲೇ ಹೇಳುತ್ತದೆ, ರೋಮಕೋಶದ ಸಾವನ್ನು ಯಾವ ನರವೂ ಹೇಳುವುದಿಲ್ಲ. ಆದ್ದರಿಂದ ಅತಿ ಹಿತವಾದ ಹೆಡ್‌ಫೋನಿಗೂ ಒಂದು ಅಪಾಯವುಂಟು. ಅದು ತಲೆಯ ಮೇಲಿರುವುದೇ ಮರೆತುಹೋಗಿ ಎರಡು ಗಂಟೆಯ ಕೆಲಸ ಆರು ಗಂಟೆಗೆ ಬೆಳೆಯುತ್ತದೆ. ತೆಗೆದ ಮೇಲೆ ಕಿವಿ ಮಂದವಾದಂತಾದರೆ ಅಥವಾ ಕೀರಲು ಸದ್ದು ಉಳಿದರೆ ಆ ದಿನದ ಮಿತಿ ಮೀರಿದೆಯೆಂದು ತಿಳಿಯಬೇಕು.

ಇನ್ನು ಒತ್ತಡದ ಮಾತು. ತಲೆಯ ಹೊರಗಿನಿಂದ ಬೀಳುವ ಬಿಗಿತದಿಂದ ಬರುವ ತಲೆನೋವನ್ನು ವೈದ್ಯಶಾಸ್ತ್ರವು ಪ್ರತ್ಯೇಕವಾಗಿಯೇ ಗುರುತಿಸಿದೆ. ಸಾಮಾನ್ಯವಾಗಿ ಅದು ಧರಿಸಿದ ಒಂದು ಗಂಟೆಯೊಳಗೆ ಬಂದು, ತೆಗೆದ ಒಂದು ಗಂಟೆಯೊಳಗೆ ಶಮನವಾಗುತ್ತದೆ. ಕಿವಿಯ ಹಾಲೆಯ ಮೇಲೆ ಒತ್ತಿ ಕೂರುವ ಸಣ್ಣ ಮೆತ್ತೆಗಳಿಗಿಂತ ಇಡೀ ಕಿವಿಯನ್ನು ಸುತ್ತುವರಿದು ಕೂರುವವು ಮೃದ್ವಸ್ಥಿಗೆ ಹಿತ. ನಮ್ಮ ಹೆಣ್ಣುಮಕ್ಕಳು ಓಲೆ, ಜುಮುಕಿಗಳನ್ನು ತೆಗೆದಿಟ್ಟೇ ಹೆಡ್‌ಫೋನ್ ಧರಿಸುವುದು ಲೇಸು. ಹಾಲೆಯ ಗಾಯವೂ ತಪ್ಪುತ್ತದೆ, ಆಭರಣದ ಕಿಣಿಕಿಣಿಯೂ ಮೈಕಿಗೆ ಸೇರದು.

ಮೆತ್ತೆಯ ಹೊದಿಕೆಯಲ್ಲಿ ಹಿತಕ್ಕೂ ನಾದಕ್ಕೂ ನಿಜವಾದ ಜಗಳವಿದೆ. ರೆಕ್ಸಿನ್‌ನಂಥ ಕೃತಕ ಚರ್ಮ ಸಂದಿಲ್ಲದೆ ಕೂಡುತ್ತದೆ, ಮಂದ್ರವನ್ನು ಉಳಿಸುತ್ತದೆ. ಆದರೆ ಬೆವರು ಬಸಿಯುತ್ತದೆ. ಮಖಮಲ್ಲಿನಂಥ ಬಟ್ಟೆ ತಂಪು, ಆದರೆ ಸ್ವಲ್ಪ ಸೋರುತ್ತದೆ. ಕಾಶಿಯ ಬೇಸಿಗೆಗೂ ಮಳೆಗಾಲಕ್ಕೂ ಬಟ್ಟೆಯ ಮೆತ್ತೆಯೇ ಲೇಸೆಂದು ತೋರುತ್ತದೆ. ಮಂದ್ರದಲ್ಲಾಗುವ ಆ ಅಲ್ಪ ವ್ಯತ್ಯಾಸವನ್ನು ಕಿವಿ ರೂಢಿ ಮಾಡಿಕೊಳ್ಳುತ್ತದೆ, ಬೆವರಿದ ಚರ್ಮ ರೂಢಿ ಮಾಡಿಕೊಳ್ಳಲಾರದು. ಒದ್ದೆ ಕಿವಿಯೊಳಗೆ ಶಿಲೀಂಧ್ರ ಸುಲಭವಾಗಿ ಬೆಳೆಯುತ್ತದೆ. ತುರಿಕೆ, ಕಟ್ಟಿದಂತಾಗುವುದು, ನೀರು ಸೋರುವುದು ಅದರ ಲಕ್ಷಣಗಳು. ಗಂಗಾಸ್ನಾನ ಮುಗಿಸಿ ಬಂದ ಕೂಡಲೇ ಹೆಡ್‌ಫೋನ್ ಏರಿಸುವುದು, ಎಣ್ಣೆ ಬಿಟ್ಟ ಕಿವಿಯನ್ನು ಅದರಿಂದ ಮುಚ್ಚುವುದು, ಒಬ್ಬರ ಬೆವರಿನ ಮೆತ್ತೆಯನ್ನು ಒರೆಸದೆ ಮತ್ತೊಬ್ಬರು ಧರಿಸುವುದು ಇವೆಲ್ಲ ವರ್ಜ್ಯ.

ಅಂಗಡಿಯಲ್ಲಿ ಎರಡು ನಿಮಿಷ ಕೇಳಿ ಕೊಂಡು ತಂದದ್ದು ಮನೆಯಲ್ಲಿ ಮುಳ್ಳಾಗುವುದು ಸಾಮಾನ್ಯ. ಸಾಧ್ಯವಾದರೆ ತನಗೆ ಚೆನ್ನಾಗಿ ಪರಿಚಯವಿರುವ ಒಂದು ಮುದ್ರಣವನ್ನು ಕೇಳುತ್ತ, ಕನ್ನಡಕ ಧರಿಸುವವರು ಕನ್ನಡಕದೊಂದಿಗೇ, ಮುಕ್ಕಾಲು ಗಂಟೆಯಾದರೂ ಧರಿಸಿ ನೋಡಬೇಕು. ಮೆತ್ತೆಗಳನ್ನು ಬೆರಳಿನಿಂದ ಮೆಲ್ಲನೆ ಒತ್ತಿದಾಗ ಡಗ್ಗಾದ ನಾದ ಥಟ್ಟನೆ ತುಂಬಿಬಂದರೆ, ಆ ಹೆಡ್‌ಫೋನ್ ಆ ತಲೆಗೆ ಸರಿಯಾಗಿ ಕೂತಿಲ್ಲವೆಂದೇ ಅರ್ಥ. ಬೆಲೆ ಎಷ್ಟೇ ಇರಲಿ, ಅದನ್ನು ಬಿಡುವುದೇ ಮೇಲು. ಬದಲಿ ಮೆತ್ತೆ ಸಿಗುತ್ತದೆಯೇ ಎಂದು ಆಗಲೇ ವಿಚಾರಿಸಿಕೊಳ್ಳಬೇಕು, ಏಕೆಂದರೆ ಮೆತ್ತೆ ಹಳತಾಗಿ ಕುಸಿದಂತೆ ನಾದವೂ ಬದಲಾಗುತ್ತದೆ. ಕೆಲಸದ ವೇಳೆ ಧ್ವನಿಯನ್ನು ಕೆಳಗಿನಿಂದ ಏರಿಸುತ್ತ ಬಂದು, ಸಾಕೆನಿಸಿದ ಕಡೆ ಗುಂಡಿಯ ಪಕ್ಕದಲ್ಲಿ ಒಂದು ಚೂರು ಟೇಪು ಅಂಟಿಸಿಟ್ಟರೆ, ದಣಿದ ಮೇಲೆ ಅರಿವಿಲ್ಲದೆ ಆ ಗುರುತನ್ನು ದಾಟಿದ್ದು ಕಣ್ಣಿಗೆ ಕಾಣುತ್ತದೆ. ಮೈಕಿನ ತಂತಿಯನ್ನು ಚುಚ್ಚುವಾಗ, ಕೀಳುವಾಗ ಹೆಡ್‌ಫೋನನ್ನು ತೆಗೆದಿರಬೇಕು. ಕಿವಿಯ ಕೀರಲು ಒಂದೆರಡು ದಿನದಲ್ಲಿ ಅಡಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಶ್ರವಣಪರೀಕ್ಷೆ ಮಾಡಿಸಬೇಕು. ಒಂದು ಕಿವಿ ಹಠಾತ್ತನೆ ಕೇಳದಂತಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಅದೇ ದಿನ ಹೋಗಬೇಕು. ಅದರ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿಯೇ ಫಲಿಸುವಂಥದು.