ಕಿಸೆಗೊಂದು ತಿಂಗಳು ಆಟಿ

ಜುಲೈ 17ರ ಆಸುಪಾಸಿನಲ್ಲಿ ಕರ್ಕಾಟಕ ಸಂಕ್ರಮಣ ಕಳೆಯಿತೆಂದರೆ ತುಳುನಾಡಿಗೆ ಆಟಿ ತಿಂಗಳು. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಹೊಸ ಮದುಮಗಳು ತವರಿಗೆ, ಕೊಡೆ ಬಾಗಿಲ ಮೂಲೆಗೆ, ಹಣ ಪೆಟ್ಟಿಗೆಗೆ. ಜವಳಿ ಅಂಗಡಿಯವರು ನೊಣ ಹೊಡೆಯುತ್ತಾ ಕೂರುವ ತಿಂಗಳು ಇದು ಎಂದು ಹಿರಿಯರು ಹೇಳುತ್ತಿದ್ದರು.

ಈಗ ನೋಡಿ. ಮಂಗಳೂರಿನ ಹಂಪನಕಟ್ಟೆಯಾಗಲಿ, ಪುತ್ತೂರಿನ ಪೇಟೆಯಾಗಲಿ, ಉಡುಪಿಯ ರಥಬೀದಿಯ ಆಸುಪಾಸಾಗಲಿ, ಎಲ್ಲಿ ನೋಡಿದರೂ ‘ಆಟಿ ಆಫರ್’, ‘ಆಷಾಢ ಸೇಲ್’ ಎಂಬ ಫಲಕಗಳು. ಒಂದು ಕೊಂಡರೆ ಒಂದು ಉಚಿತ, ಚಿನ್ನದ ಮಜೂರಿಯಲ್ಲಿ ಕಡಿತ. ಕೊಳ್ಳಬಾರದ ತಿಂಗಳಲ್ಲೇ ಕೊಳ್ಳುವವರ ನೂಕುನುಗ್ಗಲು! ವ್ಯಾಪಾರಿಗಳನ್ನು ದೂರಿ ಪ್ರಯೋಜನವಿಲ್ಲ. ಗಿರಾಕಿ ಬರದಿದ್ದರೆ ಕರೆಯುವುದು ಅವರ ಧರ್ಮ. ಕರೆದ ಕೂಡಲೇ ಹೋಗುವುದು ನಮ್ಮ ಧರ್ಮವೇ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ಕೆಲವು ಮನೆಗಳು ಈಗ ಕೇಳಿಕೊಳ್ಳತೊಡಗಿವೆ. ವರ್ಷದಲ್ಲಿ ಒಂದು ತಿಂಗಳು ಬೇಡದ ಖರ್ಚಿಗೆ ಪೂರ್ಣ ರಜೆ ಕೊಟ್ಟು, ಇದ್ದದ್ದರಲ್ಲಿ ಬದುಕಿ ನೋಡುವುದು. ಹೊರದೇಶಗಳಲ್ಲಿ ಇದೊಂದು ಹೊಸ ವ್ರತವಾಗಿ ಹಬ್ಬಿದೆಯಂತೆ. ನಮ್ಮ ಕರಾವಳಿಗೆ ಹೊಸ ವ್ರತ ಎಂತದ್ದಕ್ಕೆ ಮಾರಾಯ್ರೆ? ಪಂಚಾಂಗದಲ್ಲೇ ಉಂಟಲ್ಲ!

ಹಸಿವು ಬೇರೆ, ಸರಳತೆ ಬೇರೆ

ಆದರೆ ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಹಿಂದಿನ ಆಟಿಯನ್ನು ಚಿನ್ನದ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವಂತಿಲ್ಲ. ಏಣೇಲು ಬೆಳೆಯ ನಾಟಿ ಮುಗಿದು ಗದ್ದೆಯಲ್ಲಿ ಕೆಲಸವಿಲ್ಲ, ಹೊರಗೆ ಧಾರಾಕಾರ ಮಳೆ, ಹೊಸ ಭತ್ತ ಬರಲು ಇನ್ನೂ ಎರಡು ತಿಂಗಳು. ಚಾಲಗೇಣಿ ಒಕ್ಕಲಿನ ಮನೆಯಲ್ಲಿ, ಧಣಿಗೆ ಗೇಣಿಯಕ್ಕಿ ಅಳೆದುಕೊಟ್ಟ ಮೇಲೆ ಉಳಿದದ್ದು ಅಷ್ಟರಲ್ಲಿ ಮುಗಿದಿರುತ್ತಿತ್ತು. 1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಉಳುವವನು ಹೊಲದೊಡೆಯನಾಗುವ ತನಕ ಜಿಲ್ಲೆಯ ಅದೆಷ್ಟೋ ಮನೆಗಳಿಗೆ ಆಟಿಯೆಂದರೆ ಅರೆಹೊಟ್ಟೆ.

ತಗಟೆ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಸುಟ್ಟ ಹಲಸಿನ ಬೀಜ. ಇವೆಲ್ಲ ಯಾರೋ ರುಚಿಗೆಂದು ಆರಿಸಿಕೊಂಡ ತಿಂಡಿಗಳಲ್ಲ. ಬೇಲಿಯ ಬದಿಯಲ್ಲಿ ಬಿಟ್ಟಿಯಾಗಿ ಸಿಕ್ಕಿದ್ದು, ಬೇಸಿಗೆಯಲ್ಲೇ ಭರಣಿಯಲ್ಲಿ ಕೂಡಿಟ್ಟದ್ದು. ಬೇರೆ ಗತಿ ಇಲ್ಲದವನು ತಿಂದದ್ದನ್ನು ‘ಸರಳ ಜೀವನ’ ಎಂದು ಹೊಟ್ಟೆ ತುಂಬಿದವರು ಹೊಗಳಿದರೆ ಅದು ಅವಮಾನ. ಇವತ್ತೂ ದಿನಗೂಲಿಯಲ್ಲಿ ಸಂಸಾರ ತೂಗಿಸುವವರಿಗೆ ‘ಖರ್ಚು ಕಮ್ಮಿ ಮಾಡಿ’ ಎಂದು ಉಪದೇಶ ಹೇಳಬೇಕಾಗಿಲ್ಲ. ಅವರಿಗೆ ಹನ್ನೆರಡೂ ತಿಂಗಳು ಆಟಿಯೇ. ಈ ಮಾತೆಲ್ಲ ತಿಂಗಳ ಕೊನೆಗೆ ಸಂಬಳ ಎಣಿಸುವವರಿಗೆ, ಅಂಗಡಿಯ ಗಲ್ಲದಲ್ಲಿ ಕೂರುವವರಿಗೆ, ಕಿಸೆಯಲ್ಲಿ ಎರಡೆರಡು ಕಾರ್ಡು ಇರುವವರಿಗೆ.

ಇನ್ನು ಆ ‘ಆಟಿಡೊಂಜಿ ದಿನ’ಗಳ ಸಂಗತಿ. ಭಾನುವಾರ ಬಂತೆಂದರೆ ಹಾಲ್ ಬಾಡಿಗೆಗೆ ಹಿಡಿದು, ಅಡುಗೆ ಕಂತ್ರಾಟುದಾರರಿಗೆ ವಹಿಸಿ, ಬಾಳೆಲೆಯ ಮೇಲೆ ಪತ್ರೊಡೆಯಿಂದ ಪಾಯಸದ ತನಕ ಸಾಲು ಸಾಲು ಬಡಿಸಿ ಬರಗಾಲದ ತಿಂಗಳನ್ನು ನೆನಪು ಮಾಡಿಕೊಳ್ಳುವುದು ನಡೆದಿದೆ. ಮಕ್ಕಳಿಗೆ ಸೊಪ್ಪಿನ ಹೆಸರಾದರೂ ಗೊತ್ತಾಗುತ್ತದೆ, ತಪ್ಪಲ್ಲ. ಆದರೆ ಉಂಡು ಮನೆಗೆ ಹೋಗುವಾಗ ದಾರಿಯಲ್ಲಿ ಆಟಿ ಸೇಲ್‌ಗೂ ನುಗ್ಗಿದರೆ, ನೆನಪು ಮಾಡಿಕೊಂಡದ್ದಾದರೂ ಏನನ್ನು?

ನೆನೆಯದ ಚಪ್ಪಲಿ, ನೆನೆದ ಕಿಸೆ

ಹಿಂದೆ ಮಳೆಯೇ ಖರ್ಚಿಗೆ ಅಡ್ಡಗಟ್ಟುತ್ತಿತ್ತು. ಪೇಟೆಗೆ ಹೋಗಬೇಕಾದರೆ ಗೊರಬೆ ಹೊದ್ದು, ಸಂಕ ದಾಟಿ, ಕೆಸರು ತುಳಿದು ಹೋಗಬೇಕು. ಅಷ್ಟು ಕಷ್ಟಪಟ್ಟು ಹೋದವನು ಬೇಕಾದ್ದನ್ನು ಮಾತ್ರ ತರುತ್ತಿದ್ದ. ಈಗ ಚಾವಡಿಯಲ್ಲಿ ಕೂತು ಫೋನ್ ಒತ್ತಿದರೆ ಸಾಕು, ಸಾಮಾನು ಬಾಗಿಲಿಗೆ ಬರುತ್ತದೆ. ನೆನೆಯುವುದು ತಂದುಕೊಡುವ ಹುಡುಗ. ನಮ್ಮ ಚಪ್ಪಲಿ ನೆನೆಯುವುದಿಲ್ಲ, ಕಿಸೆ ಮಾತ್ರ ನೆನೆದು ತೊಪ್ಪೆಯಾಗುತ್ತದೆ.

2016ರಲ್ಲಿ ಯುಪಿಐ ಬಂದ ಮೇಲೆ ನೋಟು ಎಣಿಸುವ ಕೆಲಸವೂ ಇಲ್ಲ. ನೂರರ ನೋಟು ಮುರಿಸುವಾಗ ಮನಸ್ಸಿಗೆ ಆಗುತ್ತಿದ್ದ ಸಣ್ಣ ಕಸಿವಿಸಿ ಒಂದು ರೀತಿಯ ಕಾವಲುಗಾರ. ಆ ಕಾವಲುಗಾರನಿಗೆ ಈಗ ನಿವೃತ್ತಿ. ಸಂಜೆಯ ಗೋಳಿಬಜೆ–ಚಾ, ನಡುವೆ ಒಂದು ಐಸ್‌ಕ್ರೀಂ ಎಂದು ದಿನಕ್ಕೆ 60 ರೂಪಾಯಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. 31 ದಿನಕ್ಕೆ ಗುಣಿಸಿದರೆ 1,860 ರೂಪಾಯಿ.

ಇದಾದರೂ ಕೈಯಲ್ಲಿದ್ದ ಹಣ. ಕೈಯಲ್ಲಿ ಇಲ್ಲದ ಹಣದ ಕತೆ ಇನ್ನೂ ಗಂಭೀರ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3ರಿಂದ 3.5ರಷ್ಟು ಬಡ್ಡಿ ಸಾಮಾನ್ಯ. 20,000 ರೂಪಾಯಿ ಬಾಕಿ ಉಳಿಸಿಕೊಂಡರೆ ಶೇ. 3.5ರಂತೆ ತಿಂಗಳಿಗೆ 700 ರೂಪಾಯಿ ಬರೀ ಬಡ್ಡಿಗೆ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 42. ಹಿಂದಿನ ಮೀಟರ್ ಬಡ್ಡಿ ಸಾಹುಕಾರನನ್ನು ಬೈಯುವವರು ಇದಕ್ಕೆ ಸದ್ದಿಲ್ಲದೆ ಸಹಿ ಹಾಕುತ್ತಾರೆ. ‘ಬಡ್ಡಿಯೇ ಇಲ್ಲದ ಕಂತು’ ಎಂಬ ಫಲಕ ಕಂಡರೆ ಇನ್ನಷ್ಟು ಖುಷಿ. 2013ರಲ್ಲಿಯೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ಹೇಳಿತ್ತು. ಒಂದೋ ಬೆಲೆಯಲ್ಲಿ, ಇಲ್ಲವೇ ಶುಲ್ಕದಲ್ಲಿ, ಎಲ್ಲೋ ಒಂದು ಕಡೆ ಅದು ಅಡಗಿ ಕೂತಿರುತ್ತದೆ.

ಯಾವುದನ್ನು ನಿಲ್ಲಿಸುವುದು?

ಒಂದು ತಿಂಗಳ ಈ ರಜೆಗೆ ದೊಡ್ಡ ಶಾಸ್ತ್ರವಿಲ್ಲ. ಅಕ್ಕಿ, ಹಾಲು, ಮದ್ದು, ಶಾಲೆಯ ಫೀಸು, ಮನೆ ಬಾಡಿಗೆ, ಕರೆಂಟು ಬಿಲ್ಲು, ಸಾಲದ ಕಂತು, ಇವು ನಿಲ್ಲುವಂತಿಲ್ಲ. ಬಟ್ಟೆ, ಹೊಸ ಫೋನು, ಹೋಟೆಲಿನ ಪಾರ್ಸೆಲ್, ಮನೆಗೆ ಇನ್ನೊಂದು ಅಲಂಕಾರದ ಸಾಮಾನು, ಸೇಲ್ ಇದೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವ ಯಾವುದೇ ವಸ್ತು, ಇವು ಸೋಣ ಸಂಕ್ರಮಣದ ತನಕ ಕಾಯಲಿ.

ಹಾಲಿನವನ ಲೆಕ್ಕ ಗುರುತು ಹಾಕುವ ಗೋಡೆ ಕ್ಯಾಲೆಂಡರ್ ಇಲ್ಲಿ ಬಲು ಉಪಯೋಗಿ. ಆಯಾ ದಿನದ ಖರ್ಚನ್ನು ಆಯಾ ಚೌಕದಲ್ಲೇ ಬರೆದುಬಿಡುವುದು. ‘ಬೇಕು’ ಅನಿಸಿದ್ದನ್ನೆಲ್ಲ ಪಕ್ಕದಲ್ಲಿ ಒಂದು ಚೀಟಿಯಲ್ಲಿ ಬರೆದು ಸಿಕ್ಕಿಸುವುದು. ಸೋಣಕ್ಕೆ ಆ ಚೀಟಿ ತೆಗೆದು ಓದಿದಾಗ, ಇದನ್ನು ಯಾರು ಬರೆದದ್ದು ಎಂದು ಮನೆಯವರೇ ಕೇಳುವಂತಾದರೆ ಆಶ್ಚರ್ಯವಿಲ್ಲ. ಎಷ್ಟೋ ಆಸೆಗಳ ಆಯುಸ್ಸು ನಾಲ್ಕು ದಿನ.

ಅಡುಗೆ ಮನೆಗೂ ಇದು ಲೆಕ್ಕಪತ್ರ ತಪಾಸಣೆಯ ಕಾಲ. ಡಬ್ಬಿಯ ತಳದ ಹೆಸರುಕಾಳು, ಅಟ್ಟದ ಮೇಲಿನ ಹಪ್ಪಳ, ಭರಣಿಯ ಉಪ್ಪಿನ ಮಾವಿನಕಾಯಿ ಮೊದಲು ಮುಗಿಯಲಿ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧವಿರುವುದರಿಂದ ಆಟಿಯ ಮೊದಲರ್ಧದಲ್ಲಿ ಹಸಿ ಮೀನಿಗೆ ಬೆಂಕಿ ಬೆಲೆ. ಒಣ ಮೀನಿನ ಚಟ್ನಿ, ಹುರುಳಿ ಸಾರು ಉಂಟಲ್ಲ, ಇನ್ನೆಂತ ಬೇಕು?

ಮನೆಯಲ್ಲಿ ಇಂಥ ನಿಯಮ ಮಾಡುವವರು ಗಂಡಸರು, ನಿಭಾಯಿಸುವವರು ಹೆಂಗಸರು ಎಂದಾಗಬಾರದು. ಹೆಂಡತಿಯ ಸೀರೆಗೆ ಕತ್ತರಿ, ಗಂಡನ ಬಾರ್ ಬಿಲ್ಲಿಗೆ ರಿಯಾಯಿತಿ ಎಂದರೆ ಅದು ಮಿತವ್ಯಯವಲ್ಲ, ದಬ್ಬಾಳಿಕೆ.

ಕಳೆಂಜನಿಗೆ ಕೊಟ್ಟ ಅಕ್ಕಿ

‘ಎಲ್ಲರೂ ಕೈ ಬಿಗಿ ಹಿಡಿದರೆ ಬಡ ವ್ಯಾಪಾರಿಯ ಗತಿ ಎಂತ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರವೂ ಆಟಿಯಲ್ಲೇ ಇದೆ.

ಈ ತಿಂಗಳಲ್ಲಿ ತೆಂಗಿನ ತಿರಿ ಉಟ್ಟು, ತಾಳೆಗರಿಯ ಕೊಡೆ ತಿರುಗಿಸುತ್ತಾ ಆಟಿ ಕಳೆಂಜ ಮನೆಮನೆಗೆ ಬರುತ್ತಾನೆ. ಜತೆಗೆ ತೆಂಬರೆಯ ಬಡಿತ. ಊರಿನ ಮಾರಿ ಕಳೆಯುವವನು ಎಂದು ನಂಬಿಕೆ. ಕಳೆಂಜ ಕಟ್ಟುವವರು ನಲಿಕೆಯವರು. ಊರಿಗೇ ತತ್ವಾರವಾದ ತಿಂಗಳಲ್ಲಿ ಅವರ ಮನೆಯ ತತ್ವಾರ ಎಲ್ಲರಿಗಿಂತ ಒಂದು ಕೈ ಹೆಚ್ಚು. ಮನೆಯೊಡತಿ ತನ್ನ ಅಕ್ಕಿಯೂ ತಳ ಕಂಡಿದೆ ಎಂದು ಗೊತ್ತಿದ್ದರೂ ಗೆರಸೆಯಲ್ಲಿ ಅಕ್ಕಿಯೋ ಭತ್ತವೋ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸು, ಅರಸಿನ ಇಟ್ಟು ಕೊಡುತ್ತಿದ್ದಳು. ಕೊಳ್ಳುವುದು ನಿಂತಿತ್ತು, ಕೊಡುವುದು ನಿಂತಿರಲಿಲ್ಲ.

ಈಗಿನ ಮಹಾಶಯರು ಇದನ್ನೇ ತಲೆಕೆಳಗು ಮಾಡಿದ್ದಾರೆ. ಮಾಲ್‌ನಲ್ಲಿ ಚೀಟಿಯಲ್ಲಿದ್ದ ಬೆಲೆಯನ್ನು ಚಕಾರ ಎತ್ತದೆ ಕೊಟ್ಟು ಬರುವವರು, ಮಾರ್ಕೆಟಿನ ಬದಿಯಲ್ಲಿ ಮಳೆಗೆ ಪ್ಲಾಸ್ಟಿಕ್ ಹೊದ್ದು ಬಸಳೆ ಮಾರುವ ಅಮ್ಮನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಖರ್ಚು ಕಡಿಮೆ ಮಾಡಬೇಕೆಂದು ಹೊರಟರೆ ಮೊದಲು ಕತ್ತರಿ ಬೀಳುವುದು ಮನೆಕೆಲಸದವಳ ಸಂಬಳಕ್ಕೆ. ಇದು ಸರಳತೆಯಲ್ಲ, ಶುದ್ಧ ಜಿಪುಣತನ. ಹೊಲಿಗೆಯವನಿಗೆ ಹಳೆ ಬಟ್ಟೆ ಸರಿಮಾಡಲು ಕೊಡಿ, ಕೊಡೆ ರಿಪೇರಿಯವನಿಗೆ ಕಡ್ಡಿ ಹಾಕಿಸಲು ಕೊಡಿ, ಚಪ್ಪಲಿಗೆ ಹೊಲಿಗೆ ಹಾಕಿಸಿ. ಹೊಸದು ಕೊಳ್ಳದಿದ್ದರೆ ಇವರಿಗೆ ನಷ್ಟವಿಲ್ಲ, ಕೆಲಸ ಸಿಗುತ್ತದೆ.

ಎರಡಾಣೆಯ ಪಾಠ

ಉಳಿದ ಹಣಕ್ಕೂ ದಾರಿ ತೋರಿಸಿದ ಜಿಲ್ಲೆ ಇದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಬಾಗಿಲಿಗೇ ಬಂದು ಒಯ್ಯುತ್ತಿದ್ದ. ಡಾ. ಟಿ.ಎಂ.ಎ. ಪೈಯವರು ನಂಬಿದ್ದು, ದಿನದ ದುಡಿಮೆಯವನೂ ದಿನದ ಉಳಿತಾಯ ಮಾಡಬಲ್ಲ ಎಂದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಸಹಕಾರಿ ಸಂಘಗಳಲ್ಲಿ ಇನ್ನೂ ನಡೆದಿದೆ. ದಿನದ ಆ 60 ರೂಪಾಯಿ ಒಂದು ತಿಂಗಳ ಮಟ್ಟಿಗೆ ಅಲ್ಲಿಗೇ ಹೋಗಲಿ.

1,860 ರೂಪಾಯಿಗೆ ಮನೆ ಕಟ್ಟಲಾಗದು, ನಿಜ. ಆದರೆ ಆಟಿ ಕಳೆದ ಕೂಡಲೇ ಅಷ್ಟಮಿ, ಚೌತಿ ಸಾಲುಗಟ್ಟಿ ಬರುತ್ತವೆ. ಆಗ ಸಾಲ ಎತ್ತದೆ ಹಬ್ಬದ ಅಡಿಗೆ ಆದರೆ, ಮಕ್ಕಳ ಎರಡನೇ ಕಂತಿನ ಫೀಸಿಗೆ ಕೈ ಒಡ್ಡಬೇಕಾಗದಿದ್ದರೆ, ಮನೆಯ ಯಜಮಾನನಿಗೂ ಯಜಮಾನ್ತಿಗೂ ರಾತ್ರಿ ನಿದ್ದೆ ಬರುತ್ತದೆ. ಸೇಲ್‌ನಲ್ಲಿ ಎಲ್ಲವೂ ಸಿಗಬಹುದು, ಅದೊಂದು ಸಿಗುವುದಿಲ್ಲ.