ಬೈಗುಳ ಕಳೆದು ಉಳಿದ ಮುತ್ತು

'ಪೋಗ್ಸ್' ತಂಡದ ಅಭಿಮಾನಿಗಳು ಇಬ್ಬರು ಕೂತರೆ ತಕರಾರು ಹೆಸರಿನಿಂದಲೇ ಶುರುವಾಗುತ್ತದೆ. 1982ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಬಳಿಯ ಪಬ್ಬೊಂದರಲ್ಲಿ ಮೊದಲ ಸಲ ನುಡಿಸಿದಾಗ ತಂಡದ ಹೆಸರು 'ಪೋಗ್ ಮಹೋನ್'. ಐರಿಷ್ ಭಾಷೆಯ ಬೈಗುಳವೊಂದನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದದ್ದು. ಅರ್ಥ, 'ನನ್ನ ಅಂಡಿಗೆ ಮುತ್ತು ಕೊಡು'. ಲಂಡನ್ನಿನವರಿಗೆ ಇದು ತಿಳಿಯಲಿಲ್ಲ. 1984ರಲ್ಲಿ ಮೊದಲ ಹಾಡು ಬಿಬಿಸಿ ರೇಡಿಯೋದಲ್ಲಿ ಬರತೊಡಗಿದಾಗ ಸ್ಕಾಟ್ಲೆಂಡಿನ ಗೇಲಿಕ್ ಮಾತಾಡುವವರ ಕಿವಿಗೆ ಬಿತ್ತು. ಅವರದು ಐರಿಷ್‌ಗೆ ದಾಯಾದಿ ಭಾಷೆ, ತಕ್ಷಣ ಗೊತ್ತಾಯಿತು. ದೂರು ಹೋಯಿತು. ತಂಡ ಬಾಲ ಕತ್ತರಿಸಿಕೊಂಡು ಬರೀ 'ಪೋಗ್ಸ್' ಆಯಿತು.

ಹಲ್ಲು ಕಿತ್ತ ಹಾವಾಯಿತು ಎಂದು ಹಳೆಯ ಭಕ್ತರು ಈಗಲೂ ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 'ಪೋಗ್' ಎಂದರೆ ಮುತ್ತು. ಕತ್ತರಿ ಆಡಿದ ಮೇಲೆ ಅಂಡು ಹೋಗಿ ಮುತ್ತುಗಳಷ್ಟೇ ಉಳಿದವು. ಬಾಯಿಗೆ ಬಂದದ್ದನ್ನು ಅರ್ಧಕ್ಕೆ ನುಂಗಿದವನ ಮುಖದಲ್ಲಿರುವ ತುಂಟತನ ಆ ಹೆಸರಿಗಿದೆ.

ಹೆಸರಿನ ಜಗಳ ಹಗುರದ್ದು. ನಿಜವಾದ ಜಗಳ ನಾದದ್ದು. ಅದು ಅರ್ಥವಾಗಬೇಕಾದರೆ ಮೊದಮೊದಲು ಇವರು ಕಟ್ಟಿದ್ದು ಏನನ್ನು ಎಂದು ಸ್ವಲ್ಪ ಬಿಡಿಸಿ ನೋಡಬೇಕು.

ಐರಿಷ್ ಕುಣಿತದ ಮಟ್ಟುಗಳಲ್ಲಿ ಎರಡು ಮುಖ್ಯ. 'ಜಿಗ್' ಎಂಬುದು ನಮ್ಮ ಕಿವಿಗೆ ತಕಿಟ ತಕಿಟ, ತಕಿಟ ತಕಿಟ. 'ರೀಲ್' ಎಂಬುದು ತಕಧಿಮಿ ತಕಧಿಮಿ. ಪಂಕ್ ಸಂಗೀತಕ್ಕೆ ಇಂಥ ಒನಪು ಇಲ್ಲ. ಅದು ನೇರ ಓಟ, ಮೊಳೆ ಹೊಡೆದ ಹಾಗೆ. ಹಾಡುಗಾರ ಶೇನ್ ಮೆಕ್‌ಗವನ್ ಹುಟ್ಟಿದ್ದು 1957ರ ಕ್ರಿಸ್‌ಮಸ್ ದಿನ, ಇಂಗ್ಲೆಂಡಿನ ಕೆಂಟ್‌ನಲ್ಲಿ, ಐರಿಷ್ ತಂದೆತಾಯಿಗೆ. ಮೊದಲು ಪಂಕ್ ತಂಡದಲ್ಲಿದ್ದವನು. ಅಜ್ಜಿಯ ಕಾಲದ ಈ ಮಟ್ಟುಗಳನ್ನು ಪಂಕ್‌ನ ಓಟಕ್ಕೆ ಹೂಡಿದರೆ ಎರಡೂ ಹೊಸದಾಗುತ್ತವೆಂದು ಅವನಿಗೆ ಹೊಳೆಯಿತು.

ಆದರೆ ಹೂಡುವುದು ಹೇಗೆ? ಪಂಕ್ ತಂಡದ ಮೇಲೆ ಒಂದು ಪಿಟೀಲು ಕೂರಿಸಿದರೆ ಮುಗಿಯಿತೆಂದು ಎಷ್ಟೋ ಜನ ತಿಳಿದಿದ್ದಾರೆ. ಪೋಗ್ಸ್ ಮಾಡಿದ್ದು ಉಲ್ಟಾ. ರಾಕ್ ತಂಡದಲ್ಲಿ ಎಲ್ಲರ ಮುಂದೆ ನಿಲ್ಲುವ ಎಲೆಕ್ಟ್ರಿಕ್ ಗಿಟಾರನ್ನು ಹೊರಗಿಟ್ಟರು. ಅದರ ಕೆಲಸವನ್ನು ಅಕಾರ್ಡಿಯನ್‌ಗೂ ಬ್ಯಾಂಜೊಗೂ ಹಂಚಿದರು. ಅಕಾರ್ಡಿಯನ್ ನಮ್ಮ ಹಾರ್ಮೋನಿಯಂನ ನೆಂಟ. ಎರಡರಲ್ಲೂ ಗಾಳಿಗೆ ನಡುಗುವುದು ಲೋಹದ ನಾಲಗೆಗಳೇ. ಜೇಮ್ಸ್ ಫೆರ್ನ್ಲಿ ಮೂಲದಲ್ಲಿ ಗಿಟಾರ್ ವಾದಕ. ಅಕಾರ್ಡಿಯನ್ ಕೈಗೆ ಬಂದಮೇಲೆ ಕಲಿತದ್ದು. ಅದಕ್ಕೇ ಅವನು ಅದನ್ನು ಗಿಟಾರಿನ ಹಾಗೆ ಮೀಟುತ್ತಾನೆ ಅನ್ನಿಸುತ್ತದೆ: ಎಳೆದು ನಿಲ್ಲಿಸುವುದಿಲ್ಲ, ತುಂಡು ತುಂಡಾಗಿ ಒದೆಯುತ್ತಾನೆ. ಆ ಒದೆತಗಳ ನಡುವಿನ ಸಂದುಗಳಲ್ಲಿ ಜೆಮ್ ಫೈನರ್‌ನ ಬ್ಯಾಂಜೊ ಮಳೆಹನಿಯಂತೆ ಬಿಡದೆ ಸುರಿಯುತ್ತದೆ. ಮೇಲೆ ಸ್ಪೈಡರ್ ಸ್ಟೇಸಿಯ ಟಿನ್ ವಿಸಲ್, ಅಂದರೆ ಆರು ತೂತಿನ ಅಗ್ಗದ ತಗಡಿನ ಕೊಳಲು. ಒಂದೊಂದು ಹಾಡಿನಲ್ಲಿ ಅವನು ಕೊಳಲನ್ನೂ ಕೆಳಗಿಟ್ಟು, ಬಿಯರ್ ತರುವ ತಟ್ಟೆಯನ್ನು ತನ್ನ ತಲೆಗೇ ಬಡಿದುಕೊಂಡು ತಾಳ ಹಾಕುತ್ತಿದ್ದ. ತಮಾಷೆ ನಿಜ, ಆದರೆ ಪೆಟ್ಟು ಬೀಳುವುದು ತಾಳದ ಸರಿಯಾದ ಜಾಗಕ್ಕೇ.

ನನಗೆ ಅತಿ ಇಷ್ಟ ಆಂಡ್ರ್ಯೂ ರ‍್ಯಾಂಕೆನ್‌ನ ತಾಳ. ಆರಂಭದಲ್ಲಿ ಅವನು ಕೂತು ನುಡಿಸುತ್ತಿರಲಿಲ್ಲ, ನಿಂತೇ ನುಡಿಸುತ್ತಿದ್ದ. ಮುಂದೆ ಒಂದು ದಪ್ಪ ದನಿಯ ಡ್ರಮ್ಮು, ಒಂದು ಚಟಚಟ ಅನ್ನುವ ಸ್ನೇರ್, ಅಷ್ಟೆ. ಗುಂ ಅಂದರೆ ಇದು, ಟಕ್ ಅಂದರೆ ಅದು. ಚಿಲ್ ಎನ್ನುವ ತಟ್ಟೆಗಳ ಸದ್ದು ಮೇಲೆ ಹರಡಿಕೊಳ್ಳದೆ ಇದ್ದುದರಿಂದ ಆ ಜಾಗವೆಲ್ಲ ಬ್ಯಾಂಜೊಗೂ ಕೊಳಲಿಗೂ ಸಿಕ್ಕಿತು. ಕಡಿಮೆ ಸಾಮಾನು ಇಟ್ಟುಕೊಂಡದ್ದರಿಂದಲೇ ಬಂದ ಬಿಗಿ ಅದು. 1984ರ ಮೊದಲ ಆಲ್ಬಂ 'ರೆಡ್ ರೋಸಸ್ ಫಾರ್ ಮಿ'ಯಲ್ಲಿ ಇದು ಹಸಿಹಸಿಯಾಗಿ ಕೇಳುತ್ತದೆ. ಮರುವರ್ಷದ 'ರಮ್ ಸಾಡಮಿ ಅಂಡ್ ದ ಲ್ಯಾಶ್' ಧ್ವನಿಮುದ್ರಿಸಿದವನು ಎಲ್ವಿಸ್ ಕಾಸ್ಟೆಲೊ. ಯಾರಾದರೂ ಇವರನ್ನು ನಯ ಮಾಡಿ ಕೆಡಿಸುವ ಮೊದಲೇ ಇದ್ದಂತೆ ಹಿಡಿದಿಡುವುದು ತನ್ನ ಕೆಲಸವೆಂದು ಅವನು ತಿಳಿದಿದ್ದ.

ಇದೆಲ್ಲದರ ಮೇಲೆ ಮೆಕ್‌ಗವನ್‌ನ ಹಾಡು. ಹೊಸ ಹಾಡು ಬರೆದು, ಅದು ನೂರು ವರ್ಷದಿಂದ ಬಾಯಿಂದ ಬಾಯಿಗೆ ಬಂದದ್ದೆಂಬ ಭ್ರಮೆ ಹುಟ್ಟಿಸುವುದು ಸುಲಭವಲ್ಲ. 'ಎ ಪೇರ್ ಆಫ್ ಬ್ರೌನ್ ಐಸ್'ನಲ್ಲಿ ಪಬ್ಬಿನಲ್ಲಿ ಕೂತ ಕುಡುಕನೊಬ್ಬನಿಗೆ ಮುದುಕನೊಬ್ಬ ಯುದ್ಧದ ಕಥೆ ಹೇಳುತ್ತಾನೆ. ಮಟ್ಟು ಎಲ್ಲೋ ಕೇಳಿದ್ದು ಅನ್ನಿಸುತ್ತದೆ, ಕಥೆ ಮಾತ್ರ ಎಲ್ಲೂ ಕೇಳಿದ್ದಲ್ಲ. ಅದೇ ಆಲ್ಬಂನಲ್ಲಿ ಈವನ್ ಮೆಕಾಲ್ ಬರೆದ 'ಡರ್ಟಿ ಓಲ್ಡ್ ಟೌನ್' ಕೂಡ ಇದೆ. ಅದು ಪೋಗ್ಸ್‌ನದೇ ಹಾಡೆಂದು ಅನೇಕರು ನಂಬಿರುವುದು ತಂಡಕ್ಕೆ ಸಂದ ಮರ್ಯಾದೆಯೇ.

ಐರ್ಲೆಂಡಿನ ಸಂಪ್ರದಾಯಸ್ಥರಿಗೆ ಮಾತ್ರ ಇದೆಲ್ಲ ಸಹ್ಯವಾಗಲಿಲ್ಲ. ಕಾನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯದ ವಾದಕ ನೊಯೆಲ್ ಹಿಲ್ ರೇಡಿಯೋ ಚರ್ಚೆಯಲ್ಲಿ ತಂಡವನ್ನು ಚೆನ್ನಾಗಿ ಜಾಡಿಸಿದ. ಪೋಗ್ಸ್ ಕೊಟ್ಟ ಉತ್ತರ ನಾದದ್ದು. 1986ರಲ್ಲಿ ಒಂದು ವಾದ್ಯದ ಮಟ್ಟು ಕಟ್ಟಿ ಅದಕ್ಕೆ 'ಪ್ಲಾಂಕ್‌ಸ್ಟಿ ನೊಯೆಲ್ ಹಿಲ್' ಎಂದು ಹೆಸರಿಟ್ಟರು. ಹಿಂದಿನ ಕಾಲದ ಹಾರ್ಪ್ ವಾದಕರು ತಮ್ಮ ಪೋಷಕರ ಗೌರವಕ್ಕೆ ಇಡುತ್ತಿದ್ದ ಹೆಸರಿನ ಬಗೆ ಅದು. ಬೈದವನಿಗೆ ಆ ಗೌರವ!

ಆಮೇಲೆ ನಾದ ಹಿಗ್ಗಿತು. ಟೆರಿ ವುಡ್ಸ್ ಬಂದು ಸಿಟರ್ನ್ ಎಂಬ ತಂತಿವಾದ್ಯ ತಂದ, ಫಿಲಿಪ್ ಶೆವ್ರಾನ್ ಗಿಟಾರ್ ತಂದ, ರ‍್ಯಾಂಕೆನ್ ಪೂರ್ತಿ ಡ್ರಮ್ ಸೆಟ್ಟಿನ ಹಿಂದೆ ಕೂತ. 1988ರ 'ಇಫ್ ಐ ಶುಡ್ ಫಾಲ್ ಫ್ರಮ್ ಗ್ರೇಸ್ ವಿತ್ ಗಾಡ್'ನಲ್ಲಿ ತುತ್ತೂರಿಗಳು, ಸ್ಪೇನಿನ ಜಾತ್ರೆಯ ಗದ್ದಲ, ತುರ್ಕಿಯ ಛಾಯೆ, ಎಲ್ಲ ಬಂದವು. 'ಕೆಟ್ಟಿತು' ಪಕ್ಷ, 'ಬೆಳೆಯಿತು' ಪಕ್ಷ ಎಂದು ಅಭಿಮಾನಿಗಳು ಒಡೆದದ್ದು ಇಲ್ಲೇ. ನನ್ನದು ಎರಡನೆಯದು, ಆ ನಿಂತ ಡ್ರಮ್ಮಿನ ನೆನಪು ಬಿಡದಿದ್ದರೂ. ಈ ಹಿಗ್ಗಿಲ್ಲದಿದ್ದರೆ 'ಫೇರಿಟೇಲ್ ಆಫ್ ನ್ಯೂಯಾರ್ಕ್' ಹುಟ್ಟುತ್ತಿರಲಿಲ್ಲ. ಮೊದಲು ಪಿಯಾನೊದ ಮೇಲೆ ನಿಧಾನದ ಅಳಲು. ಆಮೇಲೆ ತಕಿಟ ತಕಿಟ ಎಂದು ತೂಗುವ ಗತಿ, ಗಂಡುಹೆಣ್ಣಿನ ಬೈದಾಟ. ಈ ಎರಡರ ನಡುವಿನ ಹೊಸ್ತಿಲು ದಾಟುವುದೇ ತಂಡಕ್ಕೆ ಕಷ್ಟವಾಗಿತ್ತು. ನಿರ್ಮಾಪಕ ಸ್ಟೀವ್ ಲಿಲಿವೈಟ್ ಎರಡು ಭಾಗಗಳನ್ನೂ ಬೇರೆ ಬೇರೆ ಮುದ್ರಿಸಿ ಹೊಲಿದ. ಹೆಣ್ಣಿನ ದನಿ ಕರ್ಸ್ಟಿ ಮೆಕಾಲ್‌ಳದು, ಆ ಈವನ್ ಮೆಕಾಲ್‌ನ ಮಗಳು. 1987ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ಪಟ್ಟಿಯಲ್ಲಿ ಹಾಡು ಎರಡನೆಯ ಜಾಗದಲ್ಲಿ ನಿಂತಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮೆಕ್‌ಗವನ್‌ನ ಕುಡಿತ ಮಿತಿಮೀರಿ 1991ರಲ್ಲಿ ತಂಡ ಅವನನ್ನು ಬಿಟ್ಟಿತು. ಕೊಳಲಿನ ಸ್ಟೇಸಿಯೇ ಮುಂದೆ ನಿಂತು ಹಾಡಿದ. 1996ರ ಕೊನೆಯ ಆಲ್ಬಂಗೆ ಅವರು ಇಟ್ಟ ಹೆಸರು 'ಪೋಗ್ ಮಹೋನ್'. ಬಿಟ್ಟ ಬೈಗುಳ ಪೂರ್ತಿಯಾಗಿ ಮರಳುವಷ್ಟರಲ್ಲಿ ಅದನ್ನು ಮೊದಲ ದಿನ ಕೂಗಿದ ಹಾಡುಗಾರನೇ ಇರಲಿಲ್ಲ. ಹೆಸರು ಹಳೆಯದು, ನಾದ ಬೇರೆ. ಅಭಿಮಾನಿಗಳಿಗೆ ಇನ್ನೇನು ಬೇಕು?

ವಾದ ಈಗಲೂ ನಿಂತಿಲ್ಲ. 2024ರಲ್ಲಿ ಲಂಡನ್ನಿನ ಹ್ಯಾಕ್ನಿ ಎಂಪೈರ್‌ನಲ್ಲಿ ಸ್ಟೇಸಿ, ಫೈನರ್, ಫೆರ್ನ್ಲಿ ಮೊದಲ ಆಲ್ಬಂನ ನಲವತ್ತು ವರ್ಷದ ನೆಪದಲ್ಲಿ ಸೇರಿದರು. ಮರುವರ್ಷ ಎರಡನೆಯ ಆಲ್ಬಂ ಹಿಡಿದು ಪ್ರವಾಸ ಹೊರಟರು. ಮೆಕ್‌ಗವನ್‌ನ ಹಾಡುಗಳನ್ನು ಹೊಸ ತಲೆಮಾರಿನ ಗಾಯಕ ಗಾಯಕಿಯರು ಹಾಡಿದರು. ಇದು ಪೋಗ್ಸ್ ಹೌದೋ ಅಲ್ಲವೋ ಎಂದು ಜನ ಕೇಳುತ್ತಲೇ ಇದ್ದಾರೆ.

ಹ್ಯಾಕ್ನಿಯ ಆ ಕಛೇರಿಗೆ ಐದು ತಿಂಗಳ ಹಿಂದೆ, 2023ರ ಡಿಸೆಂಬರ್ 8ರಂದು, ಟಿಪ್ಪರೆರಿಯ ನೀನಾ ಊರಿನ ಚರ್ಚಿನಲ್ಲಿ ಮೆಕ್‌ಗವನ್‌ನ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು. 'ಫೇರಿಟೇಲ್' ಹಾಡಿದವರು ಗ್ಲೆನ್ ಹ್ಯಾನ್ಸರ್ಡ್ ಮತ್ತು ಲೀಸಾ ಓನೀಲ್. ಪಿಯಾನೊದ ಭಾಗ ಮುಗಿದು ಆ ತೂಗುವ ಗತಿ ಬಂದಾಗ, ಶವಪೆಟ್ಟಿಗೆಯ ಪಕ್ಕದಲ್ಲೇ ಮನೆಯವರು ಎದ್ದು ಕುಣಿದರು.